ಹಡಗು ತಪ್ಪಿದ ಅಜ್ಜ

ಟಿಕೆಟ್ ಕೈಯಲ್ಲಿತ್ತು. ಹೋಗಬೇಕಾದ ಊರಲ್ಲಿ ಒಡಹುಟ್ಟಿದವರು ಕಾಯ್ತಾ ಇದ್ದರು. ಆದರೆ ಆಸ್ತಿ ಮಾರಾಟ ಮಾತ್ರ ಮುಗಿಯಲೇ ಇಲ್ಲ. ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದ ಜೊವಾನ್ನಿ ಬೆರ್ಗೊಲಿಯೊ, ಹೆಂಡತಿ ರೋಸಾ ಮತ್ತು ಒಬ್ಬನೇ ಮಗ ಮಾರಿಯೊ ಹತ್ತಬೇಕಿದ್ದ ಹಡಗು ಇವರನ್ನು ಬಿಟ್ಟು ಹೊರಟೇಹೋಯಿತು.

ಆ ಹಡಗಿನ ಹೆಸರು ಪ್ರಿನ್ಸಿಪೆಸಾ ಮಫಾಲ್ಡಾ. 1927ರ ಅಕ್ಟೋಬರ್ 25ರಂದು ಬ್ರೆಜಿಲ್ ಕರಾವಳಿಯ ಬಳಿ ಅದರ ಪ್ರೊಪೆಲ್ಲರ್ ಶಾಫ್ಟ್ ಮುರಿದು, ನೀರು ನುಗ್ಗಿ, ಮುಳುಗಿತು. ಸತ್ತವರು 300ಕ್ಕೂ ಹೆಚ್ಚು. ಹೊಸ ಬದುಕು ಹುಡುಕಿ ಹೊರಟಿದ್ದ ವಲಸಿಗರೇ ಅವರಲ್ಲಿ ಬಹಳ ಮಂದಿ.

ಈ ಜೊವಾನ್ನಿ ಅಜ್ಜನ ಮೊಮ್ಮಗನೇ ಮುಂದೆ ಪೋಪ್ ಫ್ರಾನ್ಸಿಸ್ ಆದ ಹೋರ್ಹೆ ಬೆರ್ಗೊಲಿಯೊ. 2025ರ ಜನವರಿಯಲ್ಲಿ, ತೀರಿಕೊಳ್ಳುವುದಕ್ಕೆ ಮೂರು ತಿಂಗಳ ಮೊದಲು ಬಂದ ಆತ್ಮಕಥೆಯನ್ನು ಅವರು ಶುರು ಮಾಡುವುದೇ ಈ ಮುಳುಗಿದ ಹಡಗಿನಿಂದ. ತಾನು ಹುಟ್ಟುವ ಒಂಬತ್ತು ವರ್ಷ ಮೊದಲಿನ ಘಟನೆ! ಆದರೆ ಮನೆಯಲ್ಲಿ ಎಷ್ಟು ಸಲ ಕೇಳಿರಬೇಕು ನೋಡಿ, ತನ್ನ ಕಥೆ ಅಲ್ಲಿಂದಲೇ ಶುರು ಅಂತ ಅವರಿಗೆ ಅನಿಸಿಬಿಟ್ಟಿತ್ತು.

ಕೊನೆಗೆ ಕುಟುಂಬ ಹೊರಟಿದ್ದು 1929ರಲ್ಲಿ, ಜೂಲಿಯೊ ಚೆಸಾರೆ ಎಂಬ ಇನ್ನೊಂದು ಹಡಗಿನಲ್ಲಿ. ಬ್ಯೂನಸ್ ಐರಿಸ್ ತಲುಪಿದಾಗ ಅಲ್ಲಿ ಸುಡುಬೇಸಿಗೆ. ರೋಸಾ ಅಜ್ಜಿ ಮಾತ್ರ ನರಿಯ ತುಪ್ಪಳದ ಕಾಲರ್ ಇದ್ದ ದಪ್ಪ ಕೋಟು ಹಾಕ್ಕೊಂಡೇ ಇಳಿದರಂತೆ. ಕಾರಣ ಫ್ಯಾಷನ್ ಅಲ್ಲ. ಊರಲ್ಲಿ ಆಸ್ತಿ ಮಾರಿ ಬಂದ ಹಣವೆಲ್ಲ ಆ ಕೋಟಿನ ಒಳಪದರದಲ್ಲಿ ಹೊಲಿದು ಕೂತಿತ್ತು.

ಇವರು ಹೊಟ್ಟೆಗಿಲ್ಲದೆ ಊರು ಬಿಟ್ಟವರಲ್ಲ. ಜೊವಾನ್ನಿಯ ಮೂವರು ಸಹೋದರರು 1922ರಿಂದಲೇ ಅರ್ಜೆಂಟೀನಾದ ಪರಾನಾ ಪಟ್ಟಣದಲ್ಲಿ ರಸ್ತೆ-ನೆಲಹಾಸಿನ ಕಂಪನಿ ನಡೆಸುತ್ತಿದ್ದರು. ಅಣ್ಣತಮ್ಮಂದಿರು ಸೇರಿ ಕಟ್ಟಿಸಿದ್ದ ನಾಲ್ಕಂತಸ್ತಿನ ಮನೆಗೆ ಲಿಫ್ಟ್ ಬೇರೆ ಇತ್ತು. ಆ ಊರಿಗೇ ಮೊದಲ ಲಿಫ್ಟ್. ಅಂತಸ್ತಿಗೆ ಒಂದು ಸಂಸಾರ. ನಮ್ಮ ಕೂಡುಕುಟುಂಬದ ತೊಟ್ಟಿಮನೆಯನ್ನು ಮೇಲಕ್ಕೆ ನಿಲ್ಲಿಸಿದ ಹಾಗೆ!

ಮೂರೇ ವರ್ಷ. 1932ರ ಹೊತ್ತಿಗೆ ಆರ್ಥಿಕ ಕುಸಿತ ಎಲ್ಲವನ್ನೂ ನುಂಗಿತು. ಕಂಪನಿಯ ಮುಖ್ಯಸ್ಥನಾಗಿದ್ದ ಸಹೋದರ ಕಾಯಿಲೆಯಿಂದ ತೀರಿಕೊಂಡಿದ್ದರು. ಮನೆ ಹೋಯಿತು, ಕೊನೆಗೆ ಕುಟುಂಬದ ಸಮಾಧಿಯನ್ನೂ ಮಾರಬೇಕಾಯಿತು. ಕೋಟಿನೊಳಗೆ ಹೊಲಿದು ತಂದ ಹಣದಿಂದ ಶುರುವಾದ ಬದುಕು ಮತ್ತೆ ಸೊನ್ನೆಗೆ ಬಂದು ನಿಂತಿತು. ಆಗ ಜೊವಾನ್ನಿಗೆ ಐವತ್ತರ ಹತ್ತಿರ. ಪರಿಚಯದ ಪಾದ್ರಿಯೊಬ್ಬರ ಮೂಲಕ 2000 ಪೆಸೊ ಸಾಲ ಸಿಕ್ಕಿತು. ಅದರಲ್ಲಿ ಅವರು ಬ್ಯೂನಸ್ ಐರಿಸ್‌ನಲ್ಲಿ ದಿನಸಿ ಅಂಗಡಿ ಹಾಕಿದರು. ಲೆಕ್ಕಪತ್ರ ಓದಿದ್ದ ಮಗ ಮಾರಿಯೊ ಬುಟ್ಟಿ ಹಿಡಿದು ಮನೆಮನೆಗೆ ಸಾಮಾನು ತಲುಪಿಸಿ ಬರುತ್ತಿದ್ದರು. ಇವತ್ತಿನ ಭಾಷೆಯಲ್ಲಿ ಡೆಲಿವರಿ ಬಾಯ್ ಅನ್ನಿ. ಸ್ಟಾರ್ಟಪ್ ಸೋತಾಗ ಲಿಂಕ್ಡ್‌ಇನ್‌ನಲ್ಲಿ ಬರೆದುಕೊಳ್ಳುವ ಸೌಲಭ್ಯ ಅವರಿಗಿರಲಿಲ್ಲ. ಮಾರನೇ ದಿನ ಅಂಗಡಿ ಬಾಗಿಲು ತೆಗೆಯೋದೊಂದೇ ಇದ್ದ ದಾರಿ.

ಹೋರ್ಹೆ ಹುಟ್ಟಿದ್ದು 1936ರ ಡಿಸೆಂಬರ್ 17ರಂದು. ವರ್ಷ ದಾಟಿದ ಸ್ವಲ್ಪದರಲ್ಲೇ ಇನ್ನೊಂದು ಮಗು. ಕೈತುಂಬಾ ಕೆಲಸವಿದ್ದ ಸೊಸೆಗೆ ಸಹಾಯವಾಗಲಿ ಅಂತ ಅಜ್ಜಿ ಬೆಳಿಗ್ಗೆ ಬಂದು ದೊಡ್ಡವನನ್ನು ತಮ್ಮ ಮನೆಗೆ ಕರೆದೊಯ್ದು, ಸಂಜೆ ವಾಪಸ್ ಬಿಡುತ್ತಿದ್ದರು. ಅಜ್ಜ-ಅಜ್ಜಿ ತಮ್ಮೊಳಗೆ ಆಡುತ್ತಿದ್ದುದು ಪೀಡ್‌ಮಾಂಟಿನ ಆಡುಮಾತು. ಹುಡುಗನಿಗೆ ಅದು ಹಾಗೇ ಕಿವಿಗೆ ಬಿದ್ದು ಬಂತು.

ಮಾರಿಯೊ ಮಾತ್ರ ಮಕ್ಕಳ ಜೊತೆ ಆ ಭಾಷೆ ಆಡುತ್ತಿರಲಿಲ್ಲ. ಬರೀ ಸ್ಪ್ಯಾನಿಷ್. ಬಿಟ್ಟು ಬಂದ ಊರಿನ ಹಂಬಲವನ್ನು ಅಪ್ಪ ಒಳಗೇ ಹೂತಿಟ್ಟಿರಬೇಕು ಅಂತ ಫ್ರಾನ್ಸಿಸ್ ಮುಂದೆ ಊಹಿಸಿದ್ದರು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ತಟ್ಟಿದ್ದು ಇದೇ. ಹೊಸ ನೆಲದಲ್ಲಿ ಬೇರೂರಲು ಮಗ ಭಾಷೆಯನ್ನು ಬಾಯಿಂದ ದೂರವಿಟ್ಟ. ಅಜ್ಜ ಅದನ್ನು ಮೊಮ್ಮಗನಿಗೆ ದಾಟಿಸಿದ. ಮನೆಯಲ್ಲಿ ತುಳುವೋ ಕೊಂಕಣಿಯೋ ಹವಿಗನ್ನಡವೋ ಅಜ್ಜ-ಅಜ್ಜಿಯ ಜೊತೆ ಮಾತ್ರ ಉಳಿದಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಭಾಷೆ ಹಾಗೇ ಉಳಿದಿತ್ತು. 2015ರ ಜೂನ್‌ನಲ್ಲಿ ಟ್ಯೂರಿನ್‌ಗೆ ಹೋದಾಗ ಪೋಪ್, ಜನಸಾಗರದ ಎದುರು ನಿನೊ ಕೋಸ್ತಾ ಎಂಬ ಪೀಡ್‌ಮಾಂಟ್ ಕವಿಯ ‘ರಾಸ್ಸ ನೊಸ್ಟ್ರಾನ’ ಪದ್ಯದ ಸಾಲುಗಳನ್ನು ಉದ್ಧರಿಸಿದರು. ದುಡಿಮೆಗಾಗಿ ಊರು ಬಿಟ್ಟುಹೋದ ಪೀಡ್‌ಮಾಂಟಿನವರ ಪದ್ಯ ಅದು.

ಪತ್ರಿಕೆಗಳಲ್ಲಿ ಹೆಚ್ಚು ಬಂದಿದ್ದು ರೋಸಾ ಅಜ್ಜಿಯ ಕಥೆ. ಪ್ರಾರ್ಥನೆ ಕಲಿಸಿದ್ದು ಅವರೇ, ಮೊಮ್ಮಗ ಪಾದ್ರಿಯಾದಾಗ ಬರೆದ ಕಾಗದವನ್ನು ಆತ ಪ್ರಾರ್ಥನಾ ಪುಸ್ತಕದಲ್ಲಿ ಜೋಪಾನ ಮಾಡಿದ್ದೂ ನಿಜ. ಅಜ್ಜ ಕೊಟ್ಟಿದ್ದು ಬೇರೆ ಬಗೆಯದು: ಯುದ್ಧದ ಕಥೆ. ಮೊದಲ ಮಹಾಯುದ್ಧದಲ್ಲಿ ಜೊವಾನ್ನಿ ಸೈನಿಕ. ಮೊಮ್ಮಗನಿಗೆ ಹೇಳಿದ್ದು ಗೆದ್ದ ಕಥೆಗಳನ್ನಲ್ಲ, ನೋವಿನ ಕಥೆಗಳನ್ನು. 2014ರ ಸೆಪ್ಟೆಂಬರ್ 13ರಂದು ಫ್ರಾನ್ಸಿಸ್ ಇಟಲಿಯ ರೆದಿಪುಲ್ಯದ ಸೈನಿಕರ ಸ್ಮಾರಕಕ್ಕೆ ಹೋಗಿ, ಯುದ್ಧ ಅಂದರೆ ಹುಚ್ಚುತನ ಎಂದು ಎದೆತಟ್ಟಿ ಹೇಳಿದರು. ಆ ದಿನ ಅವರ ಕೈಗೆ ಬಂದ ಉಡುಗೊರೆ, ಅಜ್ಜನ ಸೇನಾ ದಾಖಲೆಯ ಹಾಳೆ.

ಪೋಪ್ ಆದ ಮೇಲೆ ರೋಮ್‌ನಿಂದ ಹೊರಗೆ ಅವರು ಮಾಡಿದ ಮೊದಲ ಅಧಿಕೃತ ಪ್ರಯಾಣ 2013ರ ಜುಲೈ 8ರಂದು, ಲ್ಯಾಂಪೆಡೂಸಾ ದ್ವೀಪಕ್ಕೆ. ಯುರೋಪ್ ಸೇರಲು ಹೊರಟ ವಲಸಿಗರ ದೋಣಿಗಳು ಮುಳುಗುವ ಸಮುದ್ರ ಅದು. ಅಲ್ಲಿ ನೀರಿಗೆ ಹೂವಿನ ಹಾರ ಬಿಟ್ಟರು. ಮಫಾಲ್ಡಾ ಹಡಗಿನ ಕಥೆ ಕೇಳಿ ಬೆಳೆದವರು ಮೊದಲು ಅಲ್ಲಿಗೇ ಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ ಅನ್ನಿಸುತ್ತದೆ.

2022ರ ನವೆಂಬರ್‌ನಲ್ಲಿ, ಸೋದರಸಂಬಂಧಿಯೊಬ್ಬರ 90ನೇ ಹುಟ್ಟುಹಬ್ಬಕ್ಕೆಂದು, ಅಜ್ಜನ ಊರಿನ ಕಡೆ ಹೋದರು. ಆಸ್ತಿ ಪಟ್ಟಣದ ಪಕ್ಕದ ಪೊರ್ತಾಕೊಮಾರೊದಲ್ಲಿ ಬಂಧುಗಳ ಜೊತೆ ಊಟ. ಮಂಡಿನೋವಿನಿಂದ ಗಾಲಿಕುರ್ಚಿ ಹಿಡಿದಿದ್ದ 85 ವರ್ಷದ ಮೊಮ್ಮಗ, ಅಜ್ಜ ಬಿಟ್ಟುಹೋದ ಮನೆಮಂದಿಯ ನಡುವೆ ಕೂತು ಉಂಡು ಬಂದರು.