ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಬೇಡದ ಸಾಫ್ಟ್‌ವೇರ್: ದುಡ್ಡು ವಾಪಸ್ ಬರುತ್ತಾ?

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬಿನಲ್ಲಿ ಕೂತು ಓದ್ತೀವಿ ಅನ್ನೋರಿಗಾಗಿ ಎಂದಿನಂತೆ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ. ಇವತ್ತಿನ ವಿಷಯ, ಹೊಸ ಲ್ಯಾಪ್‌ಟಾಪ್ ಜೊತೆ ನಮಗೆ ಬೇಡವಾದ ಸಾಫ್ಟ್‌ವೇರ್ ಬಂದರೆ ಅದರ ದುಡ್ಡು ವಾಪಸ್ ಸಿಗುತ್ತಾ? ನಮ್ಮ ಮನೆಯಲ್ಲೇ ಆದ ಪ್ರಸಂಗದಿಂದ ಶುರು ಮಾಡ್ತೀನಿ.

ನಮ್ಮ ಚಿಕ್ಕಪ್ಪ ರಾಯಚೂರು ಕಡೆಯ ರೈತರು. ಅವರ ಮಗಳಿಗೆ ಇಲ್ಲಿ ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಹತ್ತಿ ಮಾರಿದ ದುಡ್ಡಿನಲ್ಲಿ ಲ್ಯಾಪ್‌ಟಾಪ್ ಕೊಡಿಸಬೇಕು ಅಂತ ಅಪ್ಪ-ಮಗಳು ಬಸ್ಸಿನಲ್ಲಿ ಎಂಜಿಬಿಎಸ್‌ಗೆ ಬಂದಿಳಿದರು. ಯಾವ ಮಾಡೆಲ್, ಎಷ್ಟು ರೇಟು ಎಂದೆಲ್ಲ ನಾನು ಮೊದಲೇ ನೋಡಿಟ್ಟಿದ್ದೆ. 54,990 ರೂಪಾಯಿ. ಆದರೆ ಆ ಭಾನುವಾರ ನನಗೆ ಆನ್-ಕಾಲ್ ಡ್ಯೂಟಿ. ಅವರಿಬ್ಬರೇ ಅಂಗಡಿಗೆ ಹೋದರು. ಸಂಜೆ ನಾರಾಯಣಗೂಡದ ನನ್ನ ಮನೆಗೆ ಬಂದು ಚಿಕ್ಕಪ್ಪ ಬಿಲ್ಲು ಮುಂದಿಟ್ಟು ಕೇಳಿದ್ದು ಒಂದೇ ಮಾತು: "ಐವತ್ತೈದು ಅಂದಿದ್ದಿ, ಐವತ್ತೊಂಬತ್ತು ಯಾಕ ಆತಪಾ?"

ಬಿಲ್ಲು ನೋಡಿದೆ. ಲ್ಯಾಪ್‌ಟಾಪ್ 54,990. ಮೂರು ವರ್ಷದ ಆಂಟಿವೈರಸ್ 2,499. ಸಾಫ್ಟ್‌ವೇರ್ ಇನ್‌ಸ್ಟಾಲೇಶನ್ 1,500. ಒಟ್ಟು 58,989. "ಬೇಡ ಅಂದೆ ಅಣ್ಣಾ, ಎಲ್ಲಾ ಲ್ಯಾಪ್‌ಟಾಪಿಗೂ ಇದು ಕಂಪಲ್ಸರಿ, ಪ್ಯಾಕೇಜ್ ಅಂದ್ರು" ಅಂದಳು ತಂಗಿ. ಅವಳಿಗೆ ವಿಂಡೋಸ್ ಕೂಡ ಬೇಕಿರಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಉಬುಂಟು, ಮನೆಯಲ್ಲೂ ಅದೇ ಇರಲಿ ಅನ್ನೋದು ಅವಳ ಆಸೆ. ಹಾಗಾಗಿ ನಮ್ಮ ಲೆಕ್ಕದಲ್ಲಿ ವಾಪಸ್ ಕೇಳಬೇಕಾದ್ದು ಮೂರು: ಆಂಟಿವೈರಸ್, ಇನ್‌ಸ್ಟಾಲೇಶನ್, ವಿಂಡೋಸ್.

ಮೊದಲೇ ಫಲಿತಾಂಶ ಹೇಳಿಬಿಡ್ತೀನಿ. ಮೊದಲ ಎರಡರ ದುಡ್ಡು, 3,999 ರೂಪಾಯಿ, ಹನ್ನೊಂದು ದಿನದಲ್ಲಿ ವಾಪಸ್ ಬಂತು. ವಿಂಡೋಸ್‌ಗಾಗಿ ಐದು ವಾರ ಇಮೇಲ್ ಬರೆದೆ. ಒಂದು ರೂಪಾಯಿಯೂ ಬರಲಿಲ್ಲ. ಯಾಕೆ ಹೀಗಾಯ್ತು ಅನ್ನೋದೇ ಇವತ್ತಿನ ಪಾಠ.

ಲೈಸೆನ್ಸ್ ಏನು ಹೇಳುತ್ತೆ?

ನಾವ್ಯಾರೂ ಓದದೆ "ಅಕ್ಸೆಪ್ಟ್" ಒತ್ತುವ ವಿಂಡೋಸ್ ಲೈಸೆನ್ಸ್ ಇದೆಯಲ್ಲ, ಅದರಲ್ಲಿ ರಿಫಂಡ್ ಬಗ್ಗೆ ಒಂದು ಪ್ಯಾರಾ ಇದೆ. ಸಾರಾಂಶ ಇಷ್ಟು: ಈ ಷರತ್ತುಗಳು ಒಪ್ಪಿಗೆ ಇಲ್ಲದಿದ್ದರೆ ಸಾಫ್ಟ್‌ವೇರ್ ಬಳಸಬೇಡಿ; ಕಂಪ್ಯೂಟರ್ ತಯಾರಿಸಿದ ಕಂಪನಿಯನ್ನು ಸಂಪರ್ಕಿಸಿ, ಅವರ ರಿಟರ್ನ್ ಪಾಲಿಸಿ ಏನಿದೆಯೋ ಅದರಂತೆ ಸಾಫ್ಟ್‌ವೇರನ್ನೋ ಯಂತ್ರವನ್ನೋ ಹಿಂದಿರುಗಿಸಿ; ಆ ಪಾಲಿಸಿ ಇಡೀ ಯಂತ್ರವನ್ನೇ ವಾಪಸ್ ಕೊಡಿ ಅಂತ ಕೇಳಬಹುದು.

ಇದರಲ್ಲಿ ಗಮನಿಸಬೇಕಾದ್ದು ಎರಡು. ಒಂದು, ವಿಂಡೋಸ್ ಮಾಡಿದ್ದು ಮೈಕ್ರೋಸಾಫ್ಟ್ ಆದರೂ ರಿಫಂಡ್ ಕೇಳಬೇಕಾದ್ದು ಲ್ಯಾಪ್‌ಟಾಪ್ ಕಂಪನಿಯನ್ನ. ಎರಡು, "ಅಕ್ಸೆಪ್ಟ್" ಒತ್ತುವ ತನಕ ಮಾತ್ರ ನಿಮಗೆ ಕೇಳುವ ಬಲ. ನಮ್ಮ ಕೇಸಿನಲ್ಲಿ ಅಂಗಡಿಯ ಹುಡುಗ ಡೆಮೊ ತೋರಿಸ್ತೀನಿ ಅಂತ ಡಬ್ಬಿ ಬಿಚ್ಚಿ, ಆನ್ ಮಾಡಿ, ತಾನೇ "ಅಕ್ಸೆಪ್ಟ್" ಒತ್ತಿ ಮುಗಿಸಿದ್ದ. ಅದಕ್ಕೇ 1,500 ರೂಪಾಯಿ ಇನ್‌ಸ್ಟಾಲೇಶನ್ ಚಾರ್ಜು ಬೇರೆ! ಕಂಪನಿಯಿಂದ ಬಂದ ಉತ್ತರದಲ್ಲೂ ಇದೇ ಇತ್ತು: ವಿಂಡೋಸ್ ಆಗಲೇ ಆಕ್ಟಿವೇಟ್ ಆಗಿದೆ; ಬೇಕಿದ್ದರೆ ಪೂರ್ತಿ ಲ್ಯಾಪ್‌ಟಾಪ್ ಹಿಂದಿರುಗಿಸುವ ಬಗ್ಗೆ ಅಂಗಡಿಯವರನ್ನೇ ಕೇಳಿ.

ಇನ್ನೊಂದು ತಾಂತ್ರಿಕ ಕಾರಣವೂ ಇದೆ. ಮೊದಲೆಲ್ಲ ಲ್ಯಾಪ್‌ಟಾಪಿನ ಬೆನ್ನಿಗೆ ವಿಂಡೋಸ್ ಕೀ ಇರುವ ಸ್ಟಿಕ್ಕರ್ ಇರ್ತಿತ್ತು. ಕಿತ್ತು ಕಳಿಸಿದರೆ "ವಾಪಸ್ ಕೊಟ್ಟೆ" ಅನ್ನಬಹುದಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಕೀ ಮದರ್‌ಬೋರ್ಡಿನ ಫರ್ಮ್‌ವೇರ್ ಒಳಗೇ ಇರುತ್ತೆ. ಡಿಸ್ಕ್ ಪೂರ್ತಿ ಅಳಿಸಿ ಮತ್ತೆ ವಿಂಡೋಸ್ ಹಾಕಿದರೂ ಅದು ತಾನಾಗೇ ಆಕ್ಟಿವೇಟ್ ಆಗುತ್ತೆ. ಅನುಕೂಲವೇ, ಆದರೆ ಹಿಂದಿರುಗಿಸೋಕೆ ಕೈಯಲ್ಲಿ ಏನೂ ಉಳಿಯಲ್ಲ.

ಈ ಜಗಳ ಇವತ್ತಿನದಲ್ಲ

ಒಂದು ಕಾಲಕ್ಕೆ ಕಂಪ್ಯೂಟರ್ ಕಂಪನಿಗಳು ಮೈಕ್ರೋಸಾಫ್ಟ್‌ಗೆ "ಪರ್ ಪ್ರೊಸೆಸರ್" ಲೆಕ್ಕದಲ್ಲಿ ದುಡ್ಡು ಕಟ್ಟುತ್ತಿದ್ದವು. ಅಂದರೆ ಯಂತ್ರದಲ್ಲಿ ಅವರ ಸಾಫ್ಟ್‌ವೇರ್ ಇರಲಿ ಬಿಡಲಿ, ಮಾರಿದ ಪ್ರತಿ ಯಂತ್ರಕ್ಕೂ ಶುಲ್ಕ. 1994ರಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಜೊತೆಗಿನ ಒಪ್ಪಂದದಿಂದ ಆ ಪದ್ಧತಿ ನಿಂತಿತು. ಆದರೆ ಎಲ್ಲ ಯಂತ್ರಕ್ಕೂ ವಿಂಡೋಸ್ ಹಾಕಿಯೇ ಮಾರುವ ರೂಢಿ ಹೋಗಲಿಲ್ಲ.

ಮುಂದೆ ಆಸ್ಟ್ರೇಲಿಯಾದ ಒಬ್ಬ ಲಿನಕ್ಸ್ ಬಳಕೆದಾರ ಲೈಸೆನ್ಸಿನ ಇದೇ ಸಾಲು ಹಿಡಿದು ತೋಷಿಬಾದಿಂದ 110 ಆಸ್ಟ್ರೇಲಿಯನ್ ಡಾಲರ್ ವಾಪಸ್ ಪಡೆದ. ಸುದ್ದಿ ಹಬ್ಬಿತು. 1999ರ ಫೆಬ್ರವರಿ 15ರಂದು "ವಿಂಡೋಸ್ ರಿಫಂಡ್ ಡೇ" ಅಂತ ಕ್ಯಾಲಿಫೋರ್ನಿಯಾದ ಲಿನಕ್ಸ್ ಬಳಕೆದಾರರು ಫಾಸ್ಟರ್ ಸಿಟಿಯಲ್ಲಿದ್ದ ಮೈಕ್ರೋಸಾಫ್ಟ್ ಕಚೇರಿಗೇ ಹೋದರು. ಅಲ್ಲಿ ಸಿಕ್ಕ ಉತ್ತರ: ನಿಮ್ಮ ಕಂಪ್ಯೂಟರ್ ಕಂಪನಿಯನ್ನು ಕೇಳಿ. ಇಪ್ಪತ್ತೈದು ವರ್ಷ ಕಳೆದ ಮೇಲೂ ನನಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅದೇ ಉತ್ತರ.

ಗೆದ್ದವರೂ ಇದ್ದಾರೆ. ಇಟಲಿಯಲ್ಲಿ ಒಬ್ಬರು ತಮ್ಮ ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್‌ನ ದುಡ್ಡು ಕೇಳಿ ಎಚ್‌ಪಿ ವಿರುದ್ಧ ಹೋರಾಡಿದರು. 2014ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಅದೇ ದೇಶದಲ್ಲಿ 2018ರಲ್ಲಿ ಲೆನೊವೊ ಲ್ಯಾಪ್‌ಟಾಪ್ ಕೊಂಡ ಇನ್ನೊಬ್ಬರು ವಿಂಡೋಸ್ ಬೇಡ ಅಂದರು. ಕೋರ್ಟು 42 ಯೂರೋ ವಾಪಸ್ ಕೊಡಿ ಅಂದಿತು. ಕಂಪನಿ ಮೇಲ್ಮನವಿ ಹಾಕಿತು. 2020ರ ಡಿಸೆಂಬರ್‌ನಲ್ಲಿ ಮೋಂಜಾ ನಗರದ ನ್ಯಾಯಾಲಯ ಮೇಲ್ಮನವಿ ವಜಾ ಮಾಡಿ, ಗ್ರಾಹಕನನ್ನು ಹೀಗೆ ಸತಾಯಿಸಿದ್ದಕ್ಕೆ 20,000 ಯೂರೋ ಪರಿಹಾರ ಕೊಡಬೇಕು ಅಂತ ಆದೇಶಿಸಿತು.

ಸೋತವರ ಕಥೆ ಇನ್ನೂ ಮುಖ್ಯ. ಫ್ರಾನ್ಸಿನಲ್ಲಿ ಒಬ್ಬರು 549 ಯೂರೋ ಕೊಟ್ಟು ಸೋನಿ ಲ್ಯಾಪ್‌ಟಾಪ್ ಕೊಂಡು, ವಿಂಡೋಸ್ ವಿಸ್ತಾ ಒಪ್ಪದೆ 450 ಯೂರೋ ವಾಪಸ್ ಕೇಳಿದರು. ಸೋನಿ ಬರೀ ಸಾಫ್ಟ್‌ವೇರ್ ದುಡ್ಡು ಕೊಡಲ್ಲ, ಬೇಕಿದ್ದರೆ ಪೂರ್ತಿ ಯಂತ್ರ ವಾಪಸ್ ಕೊಟ್ಟು 549 ತಗೊಳ್ಳಿ ಅಂದಿತು. 2016ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಕೊಟ್ಟ ಉತ್ತರ: ಕೊಳ್ಳುವ ಮೊದಲೇ ಗ್ರಾಹಕನಿಗೆ ಸರಿಯಾದ ಮಾಹಿತಿ ಕೊಟ್ಟಿದ್ದರೆ, ಸಾಫ್ಟ್‌ವೇರ್ ಸಮೇತ ಮಾರೋದೇ ಅನ್ಯಾಯ ಅಂತ ಹೇಳಕ್ಕಾಗಲ್ಲ, ಪ್ರತಿ ಸಾಫ್ಟ್‌ವೇರಿಗೂ ಬೇರೆ ಬೇರೆ ಬೆಲೆ ತೋರಿಸದೇ ಇರೋದೂ ಮೋಸ ಅಲ್ಲ.

ಈ ಕೊನೆಯ ಮಾತು ನೆನಪಿಡಿ. ನಮ್ಮ ಬಿಲ್ಲಿನಲ್ಲಿ ಆಂಟಿವೈರಸ್‌ಗೆ ಒಂದು ಸಾಲು, ಇನ್‌ಸ್ಟಾಲೇಶನ್‌ಗೆ ಒಂದು ಸಾಲು ಇತ್ತು. ವಿಂಡೋಸ್‌ಗೆ ಸಾಲೇ ಇರಲಿಲ್ಲ. "ಲ್ಯಾಪ್‌ಟಾಪ್, 18 ಪರ್ಸೆಂಟ್ ಜಿಎಸ್‌ಟಿ ಸೇರಿ" ಅಂತ ಒಂದೇ ಸಾಲಿನಲ್ಲಿ ಅದೂ ಸೇರಿಹೋಗಿತ್ತು. ಎಷ್ಟು ವಾಪಸ್ ಕೊಡಬೇಕು ಅಂತ ಕೇಳಿದರೆ ನನ್ನ ಹತ್ತಿರ ಹೇಳೋಕೆ ಅಂಕಿಯೇ ಇರಲಿಲ್ಲ. ಬಿಲ್ಲಿನಲ್ಲಿ ಸಾಲು ಇದ್ದರೆ ಜಗಳ ಸುಲಭ, ಸಾಲು ಇಲ್ಲದಿದ್ದರೆ ಜಗಳ ಶುರು ಮಾಡೋದೇ ಕಷ್ಟ.

ನಮ್ಮ ಕಾನೂನಿನಲ್ಲಿ ಏನಿದೆ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅದರ ಸೆಕ್ಷನ್ 2(41) "ನಿರ್ಬಂಧಕ ವ್ಯಾಪಾರ ಪದ್ಧತಿ" ಅಂದರೇನು ಅಂತ ಹೇಳುತ್ತೆ. ಒಂದು ವಸ್ತು ಬೇಕಿದ್ದರೆ ಇನ್ನೊಂದನ್ನೂ ಕೊಳ್ಳಲೇಬೇಕು ಅಂತ ಷರತ್ತು ಹಾಕೋದು ಅದರಲ್ಲಿ ಬರುತ್ತೆ. "ಆಂಟಿವೈರಸ್ ಇಲ್ಲದೆ ಲ್ಯಾಪ್‌ಟಾಪ್ ಕೊಡಲ್ಲ" ಅನ್ನೋದು ನೇರವಾಗಿ ಇದೇ.

ನಾನು ಮಾಡಿದ್ದು ಇಷ್ಟು. ಮೊದಲು ಅಂಗಡಿಗೆ ಫೋನ್. "ಪ್ಯಾಕೇಜ್ ಸಾರ್, ತೆಗೆಯೋಕಾಗಲ್ಲ." ಆಮೇಲೆ ಇಮೇಲ್, ಬಿಲ್ಲಿನ ಫೋಟೋ ಸಮೇತ. ಉತ್ತರ ಇಲ್ಲ. ನಾರಾಯಣಗೂಡದಲ್ಲಿ ಮೆಟ್ರೋ ಹತ್ತಿ ಪರೇಡ್ ಗ್ರೌಂಡ್‌ನಲ್ಲಿ ಬ್ಲೂ ಲೈನ್‌ಗೆ ಬದಲಾಯಿಸಿ ಹೈಟೆಕ್ ಸಿಟಿ ತಲುಪೋದರೊಳಗೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಆಪ್‌ನಲ್ಲಿ ದೂರು ದಾಖಲಿಸಿದೆ. ಇದಕ್ಕೆ 1915 ನಂಬರಿಗೆ ಫೋನೂ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಇದು ಕೋರ್ಟ್ ಅಲ್ಲ, ದೂರನ್ನು ವ್ಯಾಪಾರಿಗೆ ತಲುಪಿಸಿ ಉತ್ತರ ಕೇಳುತ್ತೆ, ಅಷ್ಟೇ. ಆದರೆ ಆ ಅಷ್ಟಕ್ಕೇ ಅಂಗಡಿಯಿಂದ ಫೋನ್ ಬಂತು. ಆಂಟಿವೈರಸ್ ಕಾರ್ಡಿನ ಕೀ ನಾವು ಗೀರಿರಲಿಲ್ಲ, ಅದನ್ನು ವಾಪಸ್ ಕೊಟ್ಟೆವು. ಚಿಕ್ಕಪ್ಪನ ಖಾತೆಗೇ 3,999 ಬಂತು.

ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಐದು ಲಕ್ಷದವರೆಗಿನ ಖರೀದಿಗೆ ಅರ್ಜಿ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ನಮ್ಮಂಥವರಿಗೆ ಅನುಕೂಲದ ವಿಷಯ ಏನಂದ್ರೆ, ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಾಗದಲ್ಲೇ ದೂರು ಕೊಡಬಹುದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡಿದ್ದರೂ ಹೈದರಾಬಾದಿನಲ್ಲಿ ಕೇಸ್ ಹಾಕಬಹುದು.

ಹಾಗಾದ್ರೆ ವಿಂಡೋಸ್‌ಗೂ 2(41) ಹಿಡಿದು ಹೋಗಬಹುದಲ್ಲ? ವಾದ ಮಾಡಬಹುದು. ಆದರೆ ಕಂಪನಿ ಹೇಳೋದು ಗೊತ್ತೇ ಇದೆ: ವಿಂಡೋಸ್ ಇಲ್ಲದ ಮಾಡೆಲ್ಲೂ ಮಾರ್ತೀವಿ, ಡಬ್ಬಿ ಮೇಲೆ ಬರೆದಿದ್ದೀವಿ, ನೋಡಿಯೇ ಕೊಂಡಿದ್ದೀರಿ. ನಮ್ಮ ಕೇಸಿನಲ್ಲಿ "ಅಕ್ಸೆಪ್ಟ್" ಕೂಡ ಒತ್ತಿಯಾಗಿತ್ತು. ಹಾಗಾಗಿ ನಾನು ಅಲ್ಲಿಗೇ ನಿಲ್ಲಿಸಿದೆ. ವಿಂಡೋಸ್ ಪಕ್ಕದಲ್ಲೇ ಉಬುಂಟು ಹಾಕಿಕೊಟ್ಟೆ.

ಇಲ್ಲಿ ಒಂದು ಮಾತು ಸೇರಿಸಬೇಕು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತಲ್ಲ, ಫೋನ್ ಕಂಪನಿಗಳಿಗೆ ತನ್ನ ಆಪ್‌ಗಳ ಗಂಟನ್ನೇ ಮೊದಲೇ ಹಾಕುವಂತೆ ಮಾಡಿದ್ದೂ ಅದರ ಒಂದು ಕಾರಣ. ಆದರೆ ಅಂಥ ದಂಡ ಸರ್ಕಾರಕ್ಕೆ ಹೋಗುತ್ತೆ, ನಮ್ಮ ಜೇಬಿಗಲ್ಲ.

ಪುಕ್ಕಟೆ ಟ್ರಯಲ್‌ಗಳ ಕಥೆ

ಲ್ಯಾಪ್‌ಟಾಪ್ ಒಳಗೇ ಬರುವ 30 ದಿನದ ಆಂಟಿವೈರಸ್ ಟ್ರಯಲ್, ಗೇಮ್‌ಗಳು, ಶಾಪಿಂಗ್ ಆಪ್‌ಗಳಿಗೆ ರಿಫಂಡ್ ಕೇಳುವ ಪ್ರಶ್ನೆಯೇ ಇಲ್ಲ. ಅದಕ್ಕೆ ನೀವು ದುಡ್ಡು ಕೊಟ್ಟಿಲ್ಲ. ಸಾಮಾನ್ಯವಾಗಿ ಅದನ್ನು ಮಾಡಿದವರೇ ಲ್ಯಾಪ್‌ಟಾಪ್ ಕಂಪನಿಗೆ ಕೊಟ್ಟಿರ್ತಾರೆ. ತೆಗೆದುಹಾಕಿ, ಅಷ್ಟೇ. ಅಸಡ್ಡೆ ಮಾತ್ರ ಬೇಡ. 2015ರಲ್ಲಿ ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಹಾಕಿದ್ದ ಸೂಪರ್‌ಫಿಶ್ ಅನ್ನೋ ಜಾಹೀರಾತು ಸಾಫ್ಟ್‌ವೇರ್, ಎಚ್‌ಟಿಟಿಪಿಎಸ್ ಸಂಪರ್ಕದ ಸುರಕ್ಷತೆಯನ್ನೇ ಮುರಿಯುತ್ತೆ ಅಂತ ಬಯಲಾಗಿತ್ತು.

ಟ್ರಯಲ್‌ಗೆ ಕಾರ್ಡ್ ನಂಬರ್ ಕೊಟ್ಟಿದ್ದರೆ ಎಚ್ಚರ. ಆರ್‌ಬಿಐ ನಿಯಮದ ಪ್ರಕಾರ ತಾನಾಗೇ ದುಡ್ಡು ಕಟ್ಟಾಗುವ 24 ಗಂಟೆ ಮೊದಲು ನಿಮಗೆ ಮೆಸೇಜ್ ಬರಬೇಕು, ಬೇಡ ಅನ್ನೋಕೆ ದಾರಿ ಇರಬೇಕು. ಆ ಮೆಸೇಜನ್ನು ಅಳಿಸಬೇಡಿ, ಓದಿ.

ಕೊಳ್ಳುವ ಮೊದಲು

ಒಂದು: ಲಿನಕ್ಸ್ ಬಳಸೋರಾದರೆ ಉಬುಂಟು ಅಥವಾ ಡಾಸ್ ಮಾಡೆಲ್ ಇದೆಯಾ ಕೇಳಿ. ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿರುವ ಚಿನಾಯ್ ಟ್ರೇಡ್ ಸೆಂಟರ್ ಕಡೆ ಹೋದರೆ ನಾಲ್ಕಾರು ಅಂಗಡಿ ವಿಚಾರಿಸಬಹುದು. ಒಂದೇ ಮಾಡೆಲ್ ವಿಂಡೋಸ್ ಸಮೇತ ಎಷ್ಟು, ಇಲ್ಲದೆ ಎಷ್ಟು ಬರೆದುಕೊಳ್ಳಿ. ಆ ವ್ಯತ್ಯಾಸವೇ ನಿಮ್ಮ ನಿಜವಾದ ರಿಫಂಡ್, ಅದೂ ಜಗಳವಿಲ್ಲದೆ. ಡಾಸ್ ಮಾಡೆಲ್ ಕೊಂಡಾಗ "ವಿಂಡೋಸ್ ಹಾಕಿಕೊಡ್ತೀವಿ, ಸಾವಿರ ಕೊಡಿ" ಅಂದರೆ ಬೇಡ ಅನ್ನಿ. ಆ ಬೆಲೆಗೆ ಬರೋದು ಸಾಮಾನ್ಯವಾಗಿ ಕಳ್ಳ ಕಾಪಿ.

ಎರಡು: ಬಿಲ್ ಹೊಡೆಯುವ ಮೊದಲು ಕೊಟೇಶನ್ ನೋಡಿ. ಆಂಟಿವೈರಸ್, ಇನ್‌ಸ್ಟಾಲೇಶನ್, ಎಕ್ಸ್‌ಟೆಂಡೆಡ್ ವಾರಂಟಿ ಯಾವುದೇ ಇರಲಿ, ಪ್ರತಿಯೊಂದಕ್ಕೂ ಬೇರೆ ಸಾಲು ಬರೆಸಿ. "ಕಂಪಲ್ಸರಿ" ಅಂದರೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಅನ್ನಿ. ಬಹಳ ಸಲ ಕಂಪಲ್ಸರಿ ಅಲ್ಲಿಗೇ ಮುಗಿಯುತ್ತೆ.

ಮೂರು: ಅಂಗಡಿಯಲ್ಲಿ ಡಬ್ಬಿ ಬಿಚ್ಚಿಸಿ, ಒಡೆದಿದೆಯಾ ನೋಡಿ, ಆನ್ ಆಗುತ್ತಾ ನೋಡಿ. ಲೈಸೆನ್ಸ್ ಪರದೆ ಬಂದಾಗ ಅಲ್ಲಿಗೆ ನಿಲ್ಲಿಸಿ. "ಅಕ್ಸೆಪ್ಟ್" ಒತ್ತುವ ಬೆರಳು ನಿಮ್ಮದೇ ಆಗಿರಲಿ.

ನಾಲ್ಕು: ವಿಂಡೋಸ್ ದುಡ್ಡು ಕೇಳಲೇಬೇಕು ಅಂತಿದ್ದರೆ ಆ ಪರದೆಯ ಫೋಟೋ ತೆಗೆದು, ಯಂತ್ರ ಆಫ್ ಮಾಡಿ, ಅವತ್ತೇ ಕಂಪನಿಗೆ ಇಮೇಲ್ ಬರೆಯಿರಿ. ಸೀರಿಯಲ್ ನಂಬರ್, ಬಿಲ್ಲು, ಎರಡು ಮಾಡೆಲ್‌ಗಳ ಬೆಲೆ ವ್ಯತ್ಯಾಸ ಎಲ್ಲ ಸೇರಿಸಿ. ಆಮೇಲೆ ಯಾವಾಗಲಾದರೂ ವಿಂಡೋಸ್ ಬೇಕಾದರೆ ಹೆದರಬೇಡಿ. ಇನ್‌ಸ್ಟಾಲ್ ಫೈಲ್ ಮೈಕ್ರೋಸಾಫ್ಟ್ ಸೈಟಿನಲ್ಲೇ ಸಿಗುತ್ತೆ.

ನಾವು ಐಟಿಯವರು ನಾಲ್ಕು ಸಾವಿರ ಹೋದರೆ ಹೋಗಲಿ ಬಿಡು ಅಂತೀವಿ. ನಾನೂ ಆ ಸಂಜೆ ಮೊದಲು ಹಾಗೇ ಅಂದೆ, ನಾನೇ ಕೊಡ್ತೀನಿ ಚಿಕ್ಕಪ್ಪ ಅಂತ. ಅವರು ಒಪ್ಪಲಿಲ್ಲ. "ನೀ ಯಾಕ ಕೊಡತಿ? ತಗೊಂಡವ್ರು ಕೊಡಬೇಕು" ಅಂದರು. ಆ ಮಾತಿಗೇ ನಾನು ಇಮೇಲ್ ಬರೆಯೋಕೆ ಕೂತಿದ್ದು. ಊರಿಂದ ನಿಮ್ಮ ಮನೆಗೂ ಯಾರಾದರೂ ಲ್ಯಾಪ್‌ಟಾಪ್ ಕೊಳ್ಳೋಕೆ ಬಂದರೆ, ಸಾಧ್ಯವಾದರೆ ಅವರ ಜೊತೆ ಅಂಗಡಿಗೆ ಹೋಗಿ. ಆಗದಿದ್ದರೆ ಬಿಲ್ ಹೊಡೆಯುವಾಗ ಒಂದು ವಿಡಿಯೋ ಕಾಲ್ ಆದರೂ ಮಾಡಿಸಿಕೊಳ್ಳಿ.