ಕಡಿದ ದಾರಿಯಲ್ಲಿ ಸುದ್ದಿ ಸಾಗಿಸುವ ಕ್ರಮ

ಬೇಸಾಯಕ್ಕೆ ಬೀಜ ಗೊಬ್ಬರಗಳಷ್ಟೇ ಸಕಾಲದ ಸುದ್ದಿಯೂ ಆವಶ್ಯಕವಾದುದು. ಸಾಮಾನ್ಯ ಅಂತರ್ಜಾಲದಲ್ಲಿ ಕಳುಹಿಸುವವನಿಂದ ಪಡೆಯುವವನವರೆಗೆ ದಾರಿಯೆಲ್ಲವೂ ಏಕಕಾಲದಲ್ಲಿ ತೆರೆದಿರಬೇಕು. ಮಳೆಗಾಳಿಗೆ ತಂತಿ ಕಡಿದರೆ ಅಥವಾ ಗೋಪುರಕ್ಕೆ ವಿದ್ಯುತ್ತು ನಿಂತರೆ ಸುದ್ದಿಯು ಅಲ್ಲಿಯೇ ನಷ್ಟವಾಗುವುದು.

ಇದಕ್ಕೆ ಪರಿಹಾರವು ಹಳೆಯ ಅಂಚೆಯ ಪದ್ಧತಿಯಲ್ಲಿಯೇ ಉಂಟು. ಅಂಚೆಯ ಓಟಗಾರನು ತನ್ನ ಪಾಲಿನ ದೂರವನ್ನು ಕ್ರಮಿಸಿ ಚೀಲವನ್ನು ಮುಂದಿನವನಿಗೆ ಒಪ್ಪಿಸುತ್ತಿದ್ದನು. ಹೊಳೆ ತುಂಬಿದ್ದರೆ ಚೀಲವು ದಡದಲ್ಲಿ ಕಾಯುತ್ತಿದ್ದಿತು. ಗ್ರಹಗಳ ನಡುವಣ ಸಂಪರ್ಕಕ್ಕೆಂದು ಆರಂಭವಾದ ಆಲೋಚನೆಯಿಂದ ಬೆಳೆದ ‘ಬಂಡಲ್’ ಎಂಬ ನಿಯಮಾವಳಿಯು ಈ ಕ್ರಮವನ್ನೇ ಗಣಕಯಂತ್ರಗಳಿಗೆ ಅನ್ವಯಿಸುತ್ತದೆ. ಅದು 2007ರಲ್ಲಿ ಪ್ರಕಟವಾಯಿತು; ಅದರ ಹೊಸ ರೂಪವು 2022ರಲ್ಲಿ ಹೊರಬಂದಿತು.

ಇಂತಹುದೇ ಪ್ರಯೋಗವು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ‘ಡಾಕ್‌ನೆಟ್’ ಎಂಬ ಹೆಸರಿನಿಂದ ನಡೆಯಿತು. 2004ರಲ್ಲಿ ಪ್ರಕಟವಾದ ವಿವರದಂತೆ, ಸರ್ಕಾರಿ ಬಸ್ಸೊಂದರಲ್ಲಿ ನಿಸ್ತಂತು ಯಂತ್ರವನ್ನು ಇರಿಸಲಾಗಿದ್ದಿತು. ಬಸ್ಸು ಹಳ್ಳಿಯ ಕೇಂದ್ರವನ್ನು ಸಮೀಪಿಸಿದಾಗ ಅಲ್ಲಿಯ ಕೋರಿಕೆಗಳು ತಾವಾಗಿಯೇ ಯಂತ್ರಕ್ಕೆ ಸೇರುತ್ತಿದ್ದುವು. ತಾಲ್ಲೂಕು ಕೇಂದ್ರದಲ್ಲಿ ಭೂಮಿ ದಾಖಲೆಗಳ ಗಣಕಯಂತ್ರಕ್ಕೆ ತಲುಪುತ್ತಿದ್ದುವು. ಉತ್ತರವು ಅದೇ ಮಾರ್ಗದಲ್ಲಿ ಮರಳುತ್ತಿದ್ದಿತು. ಸರಾಸರಿ ಎರಡೂವರೆ ನಿಮಿಷದ ಒಂದು ಭೇಟಿಯಲ್ಲಿ ಒಂದು ದಿಕ್ಕಿಗೆ ಸುಮಾರು 21 ಮೆಗಾಬೈಟು ಸಾಗುತ್ತಿದ್ದಿತು. ಪಹಣಿಯ ಅನೇಕ ಪುಟಗಳಿಗೆ ಇದು ಧಾರಾಳವಾಗಿ ಸಾಲುವುದು.

ಈ ಪದ್ಧತಿಯಿಂದ ಗ್ರಾಮಪ್ರಮುಖರು ಗ್ರಹಿಸತಕ್ಕ ಅಂಶಗಳು ಮೂರು.

ಮೊದಲನೆಯದು, ಅವಧಿ. ಪ್ರತಿ ಬಂಡಲಿಗೂ ಆಯುಷ್ಯವನ್ನು ನಿಗದಿಮಾಡಿರುತ್ತದೆ. ಅದು ಮೀರಿದರೆ ಬಂಡಲನ್ನು ತೆಗೆದುಹಾಕಲಾಗುವುದು. ಪಹಣಿಯ ಕೋರಿಕೆ ಒಂದು ದಿನ ತಡೆದರೂ ಕೆಡದು. ನೆರೆಯ ಎಚ್ಚರಿಕೆಯು ತಡವಾದರೆ ವ್ಯರ್ಥವೇ ಸರಿ. ಆದಕಾರಣ ಎಚ್ಚರಿಕೆಯನ್ನು ಬಸ್ಸಿನ ಸರದಿಗೆ ಕಾಯಿಸಬಾರದು.

ಎರಡನೆಯದು, ಹೊಣೆ. ಮುಂದಿನವನು ಒಪ್ಪಿಕೊಂಡನೆಂದು ತಿಳಿಯುವವರೆಗೆ ಮೂಲಪ್ರತಿಯನ್ನು ಇಟ್ಟುಕೊಂಡಿರತಕ್ಕದ್ದು. ಸಾಲದ ಅರ್ಜಿ, ಬೆಳೆನಷ್ಟದ ಮನವಿಗಳಲ್ಲಿ ಈ ನಿಯಮವನ್ನು ಮರೆತರೆ ವರ್ಷದ ಪರಿಹಾರವೇ ಕೈತಪ್ಪಬಹುದು.

ಮೂರನೆಯದು, ಪ್ರತಿಗಳ ಸಂಖ್ಯೆ. ತುರ್ತು ಸುದ್ದಿಯನ್ನು ಇಬ್ಬರು ಮೂವರ ಕೈಯಲ್ಲಿ ಬೇರೆ ಬೇರೆ ದಾರಿಗಳಿಂದ ಕಳುಹಿಸಿದರೆ ಒಂದಾದರೂ ಮುಟ್ಟುವ ಸಂಭವವು ಹೆಚ್ಚು. ಮಿತಿಮೀರಿದರೆ ಸಾಗಿಸುವವರಿಗೆ ಭಾರ.

ಮುಂಗಾರಿಗೆ ಮೊದಲೇ ಬಸ್ಸು, ಹಾಲಿನ ಗಾಡಿ, ಸಂತೆಗೆ ಹೋಗುವವರು ಇವರ ವೇಳೆಗಳನ್ನು ಬರೆದಿಟ್ಟು, ಯಾರು ಯಾರಿಗೆ ಒಪ್ಪಿಸಬೇಕೆಂಬುದನ್ನು ಗೊತ್ತುಮಾಡಿಕೊಳ್ಳುವುದು ಪ್ರತಿ ಗ್ರಾಮಕ್ಕೂ ಶ್ರೇಯಸ್ಕರವು.