ಮಂತ್ರಿಯಾಗದ ಶಾಸಕನ ಗಳಿಕೆ

ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ಯಾವ ಪರೀಕ್ಷೆಗೆ ಓದಿದರೂ ‘ಕಾಗೋಡು ಸತ್ಯಾಗ್ರಹ ನಡೆದ ವರ್ಷ ಯಾವುದು?’ ಎಂಬ ಪ್ರಶ್ನೆ ಒಮ್ಮೆಯಾದರೂ ಎದುರಾಗುತ್ತದೆ. 1951 ಎಂದು ಗುರುತು ಹಾಕಿ ಮುಂದೆ ಹೋಗುತ್ತೇವೆ. ಆ ಒಂದು ಅಂಕದ ಹಿಂದೆ ಶಾಂತವೇರಿ ಗೋಪಾಲಗೌಡರಂಥ ಶಾಸಕರೊಬ್ಬರ ಬದುಕಿದೆ. ‘ಕೆರಿಯರ್’ ಎಂಬ ಪದವನ್ನು ದಿನಕ್ಕೆ ಹತ್ತು ಸಲ ಕೇಳುವ ನಮ್ಮ ವಯಸ್ಸಿನವರು ಆ ಬದುಕನ್ನು ತಿಳಿದುಕೊಳ್ಳಲೇಬೇಕು.

ಗೋಪಾಲಗೌಡರು ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಸೇರಿದಾಗ ಅವರಿಗೆ 19 ವರ್ಷ. ಅಂದರೆ ನಾವು ಬಿಇ ಎರಡನೇ ವರ್ಷದಲ್ಲಿ ಇಂಟರ್ನ್‌ಶಿಪ್ ಹುಡುಕುವ ವಯಸ್ಸು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದಲ್ಲಿದ್ದ ಕಾಂಗ್ರೆಸ್ ಜತೆ ಹೋಗದೆ ಸಮಾಜವಾದಿ ಪಕ್ಷದಲ್ಲಿ ಉಳಿದರು.

ಕಾಗೋಡು ಸಾಗರ ತಾಲ್ಲೂಕಿನ ಹಳ್ಳಿ. ಅಲ್ಲಿನ ಗೇಣಿದಾರರು ಬೆಳೆದ ಭತ್ತವನ್ನು ಭೂಮಾಲೀಕರಿಗೆ ಕೊಳಗದಲ್ಲಿ ಅಳೆದು ಕೊಡಬೇಕಿತ್ತು. ಆದರೆ ಅಳೆದುಕೊಳ್ಳುವ ಕೊಳಗವೇ ಸರ್ಕಾರ ನಿಗದಿ ಮಾಡಿದ್ದಕ್ಕಿಂತ ದೊಡ್ಡದಿತ್ತು. ಕೊಳಗ ಒಂದಿಷ್ಟು ದೊಡ್ಡದಾದರೆ ವರ್ಷದ ಕೊನೆಗೆ ರೈತನ ಮನೆಯಲ್ಲಿ ಊಟಕ್ಕೆ ಉಳಿಯುವುದು ಅಷ್ಟು ಕಡಿಮೆ. ರೈತ ಸಂಘದ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಇದರ ವಿರುದ್ಧ ಎದ್ದ ದನಿಗೆ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದವರು ಜತೆಯಾದರು. ರೈತರು ಗದ್ದೆಗೆ ಇಳಿದು ಬಂಧನಕ್ಕೆ ಒಳಗಾದರು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧಿತರಾದ ಮೇಲೆ ಸಣ್ಣ ಹಳ್ಳಿಯ ಸುದ್ದಿ ದೇಶಕ್ಕೆ ತಲುಪಿತು. ಆದರೆ ರೈತರಿಗೆ ಭೂಮಿ ಮಾತ್ರ ಕೂಡಲೇ ಸಿಗಲಿಲ್ಲ.

ಮರುವರ್ಷ, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆ ಪ್ರವೇಶಿಸಿದರು. ಕೈಯಲ್ಲಿ ಹಣವಿರಲಿಲ್ಲ, ಮತದ ಜತೆಗೆ ಚುನಾವಣೆಯ ಖರ್ಚನ್ನೂ ಜನರಿಂದಲೇ ಕೇಳಿದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಮೂರು ಅವಧಿಯಲ್ಲೂ ಅವರು ಕುಳಿತದ್ದು ವಿರೋಧ ಪಕ್ಷದ ಸಾಲಿನಲ್ಲಿ. ಮಂತ್ರಿಯಾಗಲಿಲ್ಲ. ಉಳುವವನಿಗೇ ಭೂಮಿ, ಆಡಳಿತದಲ್ಲಿ ಕನ್ನಡ, ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು – ಈ ಬೇಡಿಕೆಗಳನ್ನು ಸದನದ ಒಳಗೂ ಹೊರಗೂ ಬಿಡದೆ ಎತ್ತಿದರು. ಅನಾರೋಗ್ಯದಿಂದ 1972ರ ಜೂನ್‌ನಲ್ಲಿ ತೀರಿಕೊಂಡಾಗ ಅವರಿಗಿನ್ನೂ 49 ವರ್ಷ.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. 1974ರ ಮಾರ್ಚ್ 1ರಿಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಯಾಗಿ ಗೇಣಿ ಪದ್ಧತಿ ರದ್ದಾಯಿತು. ಗೇಣಿದಾರರು ತಾಲ್ಲೂಕಿನ ಭೂನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಜಮೀನಿನ ಹಕ್ಕು ಕೇಳುವಂತಾಯಿತು. ಎರಡನ್ನೂ ಮಾಡಿದ್ದು ದೇವರಾಜ ಅರಸು ಅವರ ಸರ್ಕಾರ. ಅದರ ಶ್ರೇಯ ಆ ಸರ್ಕಾರಕ್ಕೇ ಸಲ್ಲಬೇಕು. ಆದರೆ ಇವು ಸರ್ಕಾರ ಮಾಡಲೇಬೇಕಾದ ಕೆಲಸಗಳು ಎಂಬ ಅಭಿಪ್ರಾಯ ನಾಡಿನಲ್ಲಿ ಬೆಳೆಯಲು ಇಪ್ಪತ್ತು ವರ್ಷ ದುಡಿದವರಲ್ಲಿ ಗೋಪಾಲಗೌಡರೂ ಒಬ್ಬರು. ತಮ್ಮ ಕೆಲಸದ ಫಲವನ್ನು ಅವರು ನೋಡಲೇ ಇಲ್ಲ.

ಅವರ ಹಾದಿಯಲ್ಲಿ ಸಮಾಜವಾದಿಗಳಾಗಿ ರಾಜಕೀಯಕ್ಕೆ ಬಂದ ಎಸ್. ಬಂಗಾರಪ್ಪ ಮತ್ತು ಜೆ.ಎಚ್. ಪಟೇಲ್ ಮುಂದೆ ಮುಖ್ಯಮಂತ್ರಿಗಳಾದರು. ಯು.ಆರ್. ಅನಂತಮೂರ್ತಿ ಅವರ ‘ಅವಸ್ಥೆ’ ಕಾದಂಬರಿಗೆ ಗೌಡರ ಬದುಕೇ ಪ್ರೇರಣೆ.

ಪ್ಯಾಕೇಜ್ ಎಷ್ಟು ಎಂದು ಕೇಳುವುದು ತಪ್ಪಲ್ಲ. ಮನೆಯಲ್ಲಿ ಸಾಲವಿರುವವರಿಗೆ ಅದು ಮೊದಲ ಪ್ರಶ್ನೆಯೇ. ಆದರೆ ಶಾಸಕರನ್ನು ಅಳೆಯುವಾಗಲೂ ನಾವು ಅದೇ ಕೊಳಗ ಹಿಡಿಯುತ್ತೇವೆ: ಯಾವ ಖಾತೆ ಸಿಕ್ಕಿತು, ಎಷ್ಟು ಅನುದಾನ ತಂದರು, ಎಷ್ಟು ಕಾರು ಹಿಂದೆ ಬಂದವು ಎಂದು. ಸದನದಲ್ಲಿ ಏನು ಕೇಳಿದರು ಎಂದು ವಿಚಾರಿಸುವವರು ಕಡಿಮೆ.

ವಿಧಾನಸಭೆಗೆ ಸ್ಪರ್ಧಿಸಲು 25 ವರ್ಷ ತುಂಬಿರಬೇಕು, ಗ್ರಾಮ ಪಂಚಾಯಿತಿಗೆ 21 ಸಾಕು. ಮತ ಹಾಕಲು 18. ಸ್ಪರ್ಧಿಸುವುದು ಎಲ್ಲರಿಗೂ ಆಗದ ಮಾತು. ಆದರೆ ಮತ ಕೇಳಲು ಬಂದವರನ್ನು ‘ಕಳೆದ ಅಧಿವೇಶನದಲ್ಲಿ ನಮ್ಮ ಪರವಾಗಿ ಏನು ಮಾತಾಡಿದಿರಿ?’ ಎಂದು ಕೇಳಲು ಯಾವ ಅರ್ಹತಾ ಪರೀಕ್ಷೆಯೂ ಬೇಕಿಲ್ಲ.